ಎಡಗಡೆಯ ಸೀಟು

"ಇನ್ನೊಮ್ಮೆ ರೇಸ್ ಕೊಟ್ಟರ ಗಾಡಿ ಪಾತಾಳ ಮುಟ್ಟತೈತಿ ನೋಡ್ರಿ," ಎಂದಳು ಸೋನಾಬಾಯಿ.

ಗಂಡ ಭಾವುಸಾಹೇಬರು ಕೊಟ್ಟೇಬಿಟ್ಟರು. ನಾಲ್ಕೂ ಗಾಲಿ ಗಿರ್ರನೆ ತಿರುಗಿ, ನಾಲ್ಕು ವರ್ಷದಿಂದ ಅವರೊಬ್ಬರೇ ಹೊಡೆಯುತ್ತಿದ್ದ ಫೋರ್ ಬೈ ಫೋರ್ ಗಾಡಿ ಹೊಟ್ಟೆಯವರೆಗೆ ಮರಳಲ್ಲಿ ಕೂತಿತು. ಜೈಸಲ್ಮೇರ್ ಬಿಟ್ಟು ಎರಡು ತಾಸಾಗಿತ್ತು. ಮೊಬೈಲಿಗೆ ರೇಂಜಿಲ್ಲ, ಕಣ್ಣಿಗೆ ಮನುಷ್ಯರಿಲ್ಲ.

ಇಚಲಕರಂಜಿಯಿಂದ ಹೊರಡುವಾಗ ಅವರೇ ಹೇಳಿದ್ದರು, "ಮರುಭೂಮ್ಯಾಗ ನೀ ಹೊಡಿ. ಅಲ್ಲಿ ನೋಡವ್ರು ಯಾರ ಇರ್ತಾರ?" ಆ ಒಂದು ಮಾತಿಗೆ ಸೋನಾಬಾಯಿ, ಎರಡು ವರ್ಷದಿಂದ ಪರ್ಸಿನಲ್ಲೇ ಇದ್ದ ಲೈಸೆನ್ಸ್ ಹಿಡಿದು ಮೂರು ದಿನ ಎಡಗಡೆ ಕೂತು ಬಂದಿದ್ದಳು. ಮರಳು ಬಂತು, ಸ್ಟೇರಿಂಗ್ ಬರಲಿಲ್ಲ.

ಅಕಿವಾಟದ ತವರಿನಲ್ಲಿ ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತರೆ ಗಾಲಿಗೆ ಕಬ್ಬಿನ ಒಣಗರಿಯ ರವದಿ ಹಾಸುತ್ತಿದ್ದರು. ಮೇಲೆ ಕೂತು ಹೊಡೆಯುತ್ತಿದ್ದವಳು ಇವಳೇ. ಈಗ ಕೆಳಗಿಳಿದು ಡಿಕ್ಕಿ ತೆರೆದು ಬಟ್ಟೆಯ ಸುರುಳಿಗಳಿಗೆ ಕೈ ಹಾಕಿದಳು.

"ಆ ತಾಗಾ ಮುಟ್ಟಬ್ಯಾಡ! ಜೋಧಪುರದ ಶೇಟಜಿಗೆ ತೋರಸೂ ಮಾಲು!"

ತಮ್ಮ ಮಗ್ಗದ ಬಟ್ಟೆಯ ಎರಡು ತಾಗಾ ಇಲ್ಲದೆ ಭಾವುಸಾಹೇಬರು ಮದುವೆಗೂ ಹೋದವರಲ್ಲ, ತೀರ್ಥಯಾತ್ರೆಗೂ ಹೋದವರಲ್ಲ.

"ಇಲ್ಲೇ ಉಳದ್ರ ಒಂಟಿಗೆ ತೋರಸ್ರಿ." ಅವಳು ಮರಳು ತೋಡಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಗಾಲಿಗಳ ಮುಂದೆ ಉದ್ದಕ್ಕೆ ಹಾಸಿದಳು. "ಈಗ ಒಬ್ರು ದೂಡಬೇಕು, ಒಬ್ರು ಹೊಡೀಬೇಕು. ನಾ ದೂಡ್ಲೇನ್ರಿ?"

ಭಾವುಸಾಹೇಬರು ಅವಳ ಸಣ್ಣ ತೋಳು ನೋಡಿದರು, ಹೂತ ಗಾಡಿ ನೋಡಿದರು, ಹಿಂದೆ ಹೋಗಿ ನಿಂತರು.

ಸೋನಾಬಾಯಿ ರೇಸ್ ಕೊಡಲಿಲ್ಲ. ತುಂಬಿದ ಮೊಸರಿನ ಗಡಿಗೆ ಇಳಿಸುವ ಹಾಗೆ ಕ್ಲಚ್ ಬಿಟ್ಟಳು. ಗಾಡಿ ನರಳಿತು, ಬಟ್ಟೆಯನ್ನು ಕಚ್ಚಿತು, ಎದ್ದಿತು.

"ಅಗ ಥಾಂಬ! ನಿಲ್ಲಸು!"

"ಮೆತ್ತಗಿದ್ದಲ್ಲಿ ನಿಲ್ಲಸಬಾರದ್ರೀ!"

ದಿಬ್ಬ ಹತ್ತಿ, ಗಟ್ಟಿ ನೆಲ ಸಿಕ್ಕ ಮೇಲೆಯೇ ನಿಲ್ಲಿಸಿದಳು. ತಾನೊಬ್ಬಳೇ ಗಟ್ಟಿಯಾಗಿ ನಗುತ್ತಿರುವುದು ಆಗ ಅವಳಿಗೇ ಗೊತ್ತಾಯಿತು. ಕನ್ನಡಿಯಲ್ಲಿ ಗಂಡ ಹಾಸಿದ್ದ ಬಟ್ಟೆಯನ್ನು ಸುರುಳಿ ಸುತ್ತುತ್ತಾ, ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದರು.

ಬಂದವರು ರೂಢಿಯಂತೆ ಬಲಗಡೆಯ ಬಾಗಿಲಿಗೆ ಕೈ ಹಾಕಿದರು. ಸೋನಾಬಾಯಿ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. ಅವರು ಬಾಗಿಲು ಬಿಟ್ಟು, ಗಾಡಿ ಸುತ್ತಿ ಹೋಗಿ, ಎಡಗಡೆ ಹತ್ತಿ ಕೂತರು. ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯಿತು. ಸೀಟಿನ ಕೆಳಗೆ, ಪಕ್ಕಕ್ಕೆ, ಕೈಯಾಡಿಸಿ ತಡಕಿದರು.

"ಸೋನಾ, ಈ ಸೀಟ ಹಿಂದ ಸರಸೂದು ಹ್ಯಾಂಗ?"