ಬಲಕ್ಕೆ ತಿರುಗು

ಆಂಜನೇಯನ ಗುಡಿಗೆ ಮಗ ಮೂರು ಪ್ರದಕ್ಷಿಣೆ ಹಾಕಿದ ಮೇಲೆಯೇ ಆಪರೇಷನ್ನಿಗೆ ಮಲಗುವುದೆಂದು ಅಮ್ಮ ಹರಕೆ ಹೊತ್ತಿದ್ದಳು. ಮೌಳಿಗೋ ಗುಡಿಯೆಂದರೆ ಮೊದಲಿನಿಂದಲೂ ಆಗದು. ಆಸ್ಪತ್ರೆಯ ದಾರಿಯಲ್ಲಿ ಗುಡಿ ಎದುರಾದಾಗಲೂ ಅವನು ಜಗ್ಗಲಿಲ್ಲ.

“ಗುಣ ಮಾಡೋದು ಡಾಕ್ಟ್ರು ಕಣಮ್ಮ. ನಾನು ಕಾರಿಂದ ಇಳಿಯಲ್ಲ.”

“ಆಯ್ತಪ್ಪ. ರೇವತಿನಾದ್ರೂ ಹೋಗಿ ತೀರ್ಥ ತರ್ಲಿ.”

ಹೆಂಡತಿ ಇಳಿದಳು. ಹಿಂದಿನಿಂದ ಬಸ್ಸು ಹಾರ್ನ್ ಬಾರಿಸತೊಡಗಿತು. ನಿಲ್ಲಿಸಲು ಎಲ್ಲೂ ಜಾಗವಿಲ್ಲ.

“ಬಲಕ್ಕೆ ತಿರುಗು, ಗುಡಿ ಹಿಂದೆ ಜಾಗ ಇರತ್ತೆ,” ಎಂದಳು ಅಮ್ಮ.

ಅಲ್ಲೂ ಇರಲಿಲ್ಲ. ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ. ಗುಡಿಯ ಮುಂದಕ್ಕೇ ಬಂದರೂ ಹೆಂಡತಿಯ ಸುಳಿವಿಲ್ಲ. ಫೋನ್ ಮಾಡಿದ.

“ತುಂಬಾ ಕ್ಯೂ ಇದೆ ರೀ. ಅಲ್ಲಿ ನಿಲ್ಲಿಸ್ಬೇಡಿ, ಪೊಲೀಸ್ ಇದಾನೆ.”

ಆಸ್ಪತ್ರೆಗೆ ಮೂರಕ್ಕೆ ಬರಹೇಳಿದ್ದರು. ಬ್ರೇಕು ತುಳಿದೂ ತುಳಿದೂ ಅವನ ಬರಿಗಾಲು ಉರಿಯುತ್ತಿತ್ತು. ಹೊಸ ಕಾರು ಮಣ್ಣಾಗುತ್ತದೆಂದು ಅಮ್ಮ ಹೊರಡುವಾಗಲೇ ಚಪ್ಪಲಿ ಬಿಡಿಸಿದ್ದಳು. ಬೈದುಕೊಳ್ಳುತ್ತಲೇ ಮತ್ತೆ ಸುತ್ತಿದ, ಇನ್ನೊಮ್ಮೆಯೂ ಸುತ್ತಿದ. ಕೊನೆಗೆ ಹೆಂಡತಿ ಓಡಿಬಂದು ಹತ್ತಿದಳು. ಕೈ ಖಾಲಿ.

“ತೀರ್ಥ ಎಲ್ಲೇ?”

“ಮಧ್ಯಾಹ್ನ ಎರಡೂವರೆಗೆ ಯಾವ ಗುಡಿ ಬಾಗಿಲು ತೆಗ್ದಿರತ್ತೆ ರೀ?”

ಅವನು ರೇಗಿ ಹಿಂದಕ್ಕೆ ತಿರುಗಿದ. ಅಮ್ಮ ಮುಗಿದಿದ್ದ ಕೈಗಳನ್ನು ಆಗಷ್ಟೇ ಮಡಿಲಿಗೆ ಇಳಿಸುತ್ತಿದ್ದಳು.

“ಮೂರು ಸುತ್ತಾಯ್ತು. ನಡಿ, ಈಗ ನಿನ್ನ ಡಾಕ್ಟ್ರ ಹತ್ರ ಹೋಗೋಣ.”