ಮೊದಲು ಯಾರು ಇಡಬೇಕು

ಮಂಗಳೂರಿನ ಆ ಕಾಲ್ ಸೆಂಟರಿನಲ್ಲಿ ಗ್ರಾಹಕರಿಗಿಂತ ಮೊದಲು ಫೋನ್ ಇಟ್ಟರೆ ಕೆಲಸ ಹೋದಂತೆಯೇ. ಕರೆ ಮಾಡುವವರೆಲ್ಲ ಇಂಗ್ಲೆಂಡಿನವರು; ಅಲ್ಲಿನ ಈಗಿನ ಹುಡುಗರಾದರೆ ಬೈದು ತಾವೇ ಇಟ್ಟುಬಿಡುತ್ತಾರೆ. ಇವತ್ತು ಸುಚೇತಾಳಿಗೆ ಸಿಕ್ಕಿದ್ದು ಹಳೇ ಕಾಲದ ಅಜ್ಜಿ. ಸಮಸ್ಯೆ ಬಗೆಹರಿದಿತ್ತು, ಥ್ಯಾಂಕ್ಯೂ ಮಾತ್ರ ಮುಗಿಯುತ್ತಿರಲಿಲ್ಲ. ಅತ್ತ ಶಿಶುವಿಹಾರದಲ್ಲಿ ಮಗಳಿಗೆ ಜ್ವರ ಏರುತ್ತಿತ್ತು.

"ಕಟ್ ಮಾಡು ಮಾರಾಯ್ತಿ!" ಪಕ್ಕದವಳು ಪಿಸುಗುಟ್ಟಿದಳು.

ಸುಚೇತಾ ಮೈಕ್ ಮುಚ್ಚಿದಳು. "ಮಾಡಿದ್ರೆ ನಾಳೆ ನನ್ನನ್ನೇ ಕಟ್ ಮಾಡ್ತಾರೆ."

ಮತ್ತೆ ಅಜ್ಜಿಗೆ, "ಬೇರೇನಾದರೂ ಸಹಾಯ ಬೇಕಾ, ಮೇಡಂ?"

"ಬೇಡಮ್ಮ, ತುಂಬಾ ಥ್ಯಾಂಕ್ಸ್."

ಆದರೂ ಅಜ್ಜಿ ಇಡಲಿಲ್ಲ. ಸುಚೇತಾಳಿಗೆ ಅಳುವೇ ಬಂತು. "ದಯವಿಟ್ಟು ಫೋನ್ ಇಡ್ತೀರಾ, ಮೇಡಂ? ಮಗಳಿಗೆ ಹುಷಾರಿಲ್ಲ."

"ಅಯ್ಯೋ, ನಾನೇ ಮೊದಲು ಇಟ್ಟರೆ ಮರ್ಯಾದೆಯಲ್ಲ ಅಂತ ನೀನು ಇಡೋದನ್ನೇ ಕಾಯ್ತಿದ್ದೆ ಕಣಮ್ಮ," ಅಜ್ಜಿ ಕೆಮ್ಮಿದಳು, "ಅಡುಗೆಮನೆಗೆ ಆಗಲೇ ಬೆಂಕಿ ಹತ್ತಿಕೊಂಡಿದೆ."