ಮುಕ್ತಾಯದ ಪ್ರಾರ್ಥನೆ

ಅವಳ ಗಂಡನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಮೂರು ತಿಂಗಳಿಂದ ಪ್ರತಿ ಶುಕ್ರವಾರ ಪಾಸ್ಟರ್ ಸಭೆಯವರೊಂದಿಗೆ ಬಂದು ಮಂಚದ ಸುತ್ತ ನಿಂತು ಪ್ರಾರ್ಥಿಸುತ್ತಿದ್ದರೂ ಅವನ ಬಾಯಿಂದ ಒಂದಕ್ಷರವೂ ಹೊರಟಿರಲಿಲ್ಲ.

"ಯಾಕೆ ಸಿಸ್ಟರ್ ಅಳೋದು? ಕಷ್ಟ ಅನ್ನೋದು ದೇವರು ಕೊಡೋ ಉಡುಗೊರೆ. ಅದರಿಂದಲೇ ವಿಶ್ವಾಸ ಗಟ್ಟಿಯಾಗೋದು," ಎಂದರು ಪಾಸ್ಟರ್, ಎರಡನೇ ಚಕ್ಕುಲಿ ಮುರಿಯುತ್ತಾ.

"ನಿಮಗೆ ಇಂಥ ಉಡುಗೊರೆ ಬಂದಿದೆಯಾ ಪಾಸ್ಟರ್?"

"ಇನ್ನೂ ಇಲ್ಲಮ್ಮ, ದೇವರ ದಯೆ! ಮುಕ್ತಾಯದ ಪ್ರಾರ್ಥನೆ ಇವತ್ತು ನೀವೇ ಮಾಡಿ."

ಅವಳು ಕಣ್ಣು ಮುಚ್ಚಿ ಕೈ ಜೋಡಿಸಿದಳು. "ಕರ್ತನೇ, ನಮಗೆ ಕೊಟ್ಟ ಈ ಉಡುಗೊರೆಯನ್ನು ಪಾಸ್ಟರ್ ಮನೆಗೂ ತಪ್ಪದೆ ಕೊಡು."

ಪ್ರತಿ ಪ್ರಾರ್ಥನೆಗೂ ಒಕ್ಕೊರಲಿನಿಂದ ದನಿಗೂಡಿಸುವ ಸಭೆಯವರು ಈಗ ನೆಲ ನೋಡುತ್ತಾ ಸುಮ್ಮನಿದ್ದರು. ಪಾಸ್ಟರ್ ಬಾಯಲ್ಲಿದ್ದ ಚಕ್ಕುಲಿ ಅಗಿಯುವುದನ್ನೂ ಮರೆತರು.

ಮಂಚದ ಮೇಲಿಂದ ಗಂಡ ಸ್ಪಷ್ಟವಾಗಿ "ಆಮೆನ್" ಎಂದ.